ಗೇಟಿನೊಳಗೆ ಏನೇನು ಬರುತ್ತೆ ಅಂತ ಕೇಳಿ

ಹೊಲ–ಹಿತ್ತಲು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಜಾಡಿನವು. ಸಾವಯವ ತೋಟಗಳನ್ನು ನೋಡಲು ಹೊರಟವರು, ನೋಡಿ ಬಂದವರು, ನೋಡಿದ್ದನ್ನು ಮನೆಯಲ್ಲಿ ಮಾಡಲು ಹೋಗಿ ಕೈ ಸುಟ್ಟುಕೊಂಡವರು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಕ್ಕೆ ಹಾಕಿ ಇವನ್ನೇ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಶಿರಾ ಹತ್ತಿರ ಎರಡು ಎಕರೆ ಕೆಂಪು ಮಣ್ಣಿನ ಜಮೀನಿದೆ, ಕೊಳವೆಬಾವಿಯಲ್ಲಿ ಒಂದೂವರೆ ಇಂಚು ನೀರು. ನಾನಿರುವುದು ಬೆಂಗಳೂರಿನಲ್ಲಿ. ಸಾವಯವಕ್ಕೆ ಇಳಿಯುವ ಮೊದಲು ಹತ್ತು ಹನ್ನೆರಡು ತೋಟ ಸುತ್ತಿ ಬರಬೇಕೆಂದಿದ್ದೇನೆ. ಎಲ್ಲಿಗೆ ಹೋಗಲಿ, ಯಾವಾಗ ಹೋಗಲಿ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಹತ್ತು ಹನ್ನೆರಡು ಬೇಡ. ಎರಡು ತೋಟ ಆರಿಸಿಕೊಳ್ಳಿ, ಒಂದೊಂದಕ್ಕೂ ವರ್ಷದಲ್ಲಿ ಮೂರು ಸಲ ಹೋಗಿ.

ಮೊದಲ ಸಲ ಯುಗಾದಿ ಕಳೆದ ಮೇಲೆ, ಮುಂಗಾರಿಗೆ ಮುಂಚೆ. ಆಗ ಬೆಳೆಯ ಹಸಿರು ಕಣ್ಣಿಗೆ ಅಡ್ಡ ಬರುವುದಿಲ್ಲ. ಮಣ್ಣು ಬಿಸಿಲಿಗೆ ಬಿದ್ದಿದೆಯೋ ಮುಚ್ಚಿಗೆಯ (ನೆಲಕ್ಕೆ ಹೊದಿಸಿದ ಸೊಪ್ಪು–ಹುಲ್ಲಿನ) ಕೆಳಗಿದೆಯೋ, ಗೊಬ್ಬರದ ಗುಂಡಿ ತುಂಬಿದೆಯೋ ಖಾಲಿಯೋ, ಬೋರಿನಲ್ಲಿ ಕೊನೆಗೆ ಉಳಿಯುವ ನೀರೆಷ್ಟು, ಎಲ್ಲ ಬತ್ತಲೆಯಾಗಿ ಕಾಣುತ್ತದೆ. ಎರಡನೇ ಸಲ ಜುಲೈ–ಆಗಸ್ಟ್‌ನಲ್ಲಿ: ಕಳೆ, ಹುಳು, ನೀರು ನಿಲ್ಲುವ ಜಾಗ. ಮೂರನೆಯದು ನವೆಂಬರ್–ಡಿಸೆಂಬರ್‌ನಲ್ಲಿ. ಇಳುವರಿ ಎಷ್ಟು ಬಂತು, ಹುಲ್ಲು ಎಲ್ಲಿಗೆ ಹೋಯಿತು, ಮಾಲು ಯಾರು ಕೊಂಡರು ಎಂಬುದು ಆಗ ತಿಳಿಯುತ್ತದೆ.

ಆರಿಸುವಾಗ ಹೆಸರಿಗಿಂತ ಮಳೆ, ಮಣ್ಣು, ನೀರು ಈ ಮೂರೂ ನಿಮ್ಮದಕ್ಕೆ ಹೋಲಬೇಕು. ಶಿರಾ ಕಡೆ ವರ್ಷಕ್ಕೆ ಬೀಳುವುದು 600 ಮಿ.ಮೀ. ಆಸುಪಾಸು. ತೀರ್ಥಹಳ್ಳಿಯಲ್ಲಿ ಅದರ ನಾಲ್ಕೈದು ಪಟ್ಟು. ಅಲ್ಲಿನ ತೋಟ ನೋಡಿ ಕಣ್ಣು ತಂಪಾಗುತ್ತದೆ, ಕಲಿತದ್ದು ಮಾತ್ರ ನಿಮ್ಮ ಹೊಲಕ್ಕೆ ಹೊಂದುವುದಿಲ್ಲ. ಇಪ್ಪತ್ತು ಮೂವತ್ತು ಕಿಲೋಮೀಟರಿನೊಳಗೆ, ಒಂದೂವರೆ ಇಂಚು ನೀರಿನಲ್ಲೇ ಐದಾರು ವರ್ಷದಿಂದ ಸಾವಯವ ಮಾಡುತ್ತಿರುವವರನ್ನು ಹುಡುಕಿ. ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು. ತುಮಕೂರು ಜಿಲ್ಲೆಯಲ್ಲಿ ಎರಡು ಕೃಷಿ ವಿಜ್ಞಾನ ಕೇಂದ್ರಗಳಿವೆ: ತಿಪಟೂರಿನ ಕೊನೇಹಳ್ಳಿಯಲ್ಲೊಂದು, ತುಮಕೂರಿನ ಹಿರೇಹಳ್ಳಿಯಲ್ಲೊಂದು. ಇನ್ನೊಂದು ದಾರಿ ವಾರದ ಸಾವಯವ ಸಂತೆ. ಅಲ್ಲಿ ತರಕಾರಿ ಮಾರಲು ಕೂತವರನ್ನೇ ಕೇಳಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಸಾಮಾನ್ಯವಾಗಿ ನವೆಂಬರ್‌ನಲ್ಲೂ ಧಾರವಾಡದಲ್ಲಿ ಸೆಪ್ಟೆಂಬರ್‌ನಲ್ಲೂ ನಡೆಯುವ ಕೃಷಿ ಮೇಳಕ್ಕೆ ಹೋದರೆ ಮಳಿಗೆಗಳಲ್ಲಿ ಚೀಲ ತುಂಬಿಸಿಕೊಳ್ಳುವ ಮುಂಚೆ ಬೆಳೆ ಪ್ರಾತ್ಯಕ್ಷಿಕೆ ತಾಕುಗಳಿಗೆ ಹೋಗಿ. ಜನ ಅಲ್ಲಿ ಕಡಿಮೆ, ಉತ್ತರ ಕೊಡುವವರಿಗೆ ಪುರುಸೊತ್ತು ಜಾಸ್ತಿ.

ಫೋನ್ ಮಾಡದೆ ಹೋಗಬೇಡಿ. ಬಿತ್ತನೆ, ಕೊಯ್ಲು, ಔಷಧಿ ಹೊಡೆಯುವ ದಿನ ಬೇಡ. ಬೆಳಿಗ್ಗೆ ಏಳಕ್ಕೆ ಅಲ್ಲಿರಿ, ಹತ್ತಕ್ಕೆ ಹೊರಡಿ. ಶುಲ್ಕ ಕೇಳಿದರೆ ಮುಖ ಸಣ್ಣ ಮಾಡದೆ ಕೊಡಿ, ಅವರ ಅರ್ಧ ದಿನದ ಕೆಲಸ ನಿಮ್ಮಿಂದ ನಿಂತಿರುತ್ತದೆ. ಎರಡನೇ ಭೇಟಿಯಲ್ಲಿ ಒಂದು ತಾಸು ಕಳೆ ಕೀಳುವ ಹೆಂಗಸರ ಜತೆ ಕೂತು ನೀವೂ ಕಳೆ ಕೀಳಿ. ಯಾವ ಮಡಿಯಲ್ಲಿ ಗರಿಕೆ, ಯಾವುದರಲ್ಲಿ ಕೊನ್ನಾರಿ, ಯಾವ ಮೂಲೆಯಲ್ಲಿ ಪ್ರತಿ ವರ್ಷ ಗಿಡ ಸಾಯುತ್ತದೆ ಎಂಬುದು ಮಾಲೀಕರಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಪ್ರಶ್ನೆ: ನಾವು ಎಂಟು ಜನ ರೈತರು ಸೇರಿ ಮೂರು ತೋಟ ನೋಡಿ ಬಂದೆವು. ಎಲ್ಲರೂ ‘ನಮ್ಮ ಮಣ್ಣು ಜೀವಂತವಾಗಿದೆ’ ಎನ್ನುತ್ತಾರೆ. ಅದನ್ನು ನಾವು ಪರೀಕ್ಷಿಸುವುದು ಹೇಗೆ?
— ರೈತರ ಗುಂಪು, ಹೊನ್ನಾಳಿ

ಉತ್ತರ: ನಾಲ್ಕು ಪರೀಕ್ಷೆಗಳಿವೆ, ಒಂದಕ್ಕೂ ಲ್ಯಾಬ್ ಬೇಡ. ಒಂದು ಷರತ್ತು: ಪ್ರತಿಯೊಂದನ್ನೂ ಎರಡು ಕಡೆ ಮಾಡಬೇಕು, ತೋಟದೊಳಗೆ ಒಮ್ಮೆ, ಬದುವಿನಾಚೆಯ ಪಕ್ಕದ ಹೊಲದಲ್ಲಿ ಇನ್ನೊಮ್ಮೆ, ಇಬ್ಬರ ಒಪ್ಪಿಗೆ ಪಡೆದು. ಮಣ್ಣಿನ ಜಾತಿ ಎರಡೂ ಕಡೆ ಒಂದೇ. ವ್ಯತ್ಯಾಸ ಕಂಡರೆ ಅದು ಬೇಸಾಯದ್ದು.

ಮೊದಲನೆಯದು ನೀರು ಇಂಗುವ ವೇಗ. 15 ಸೆಂ.ಮೀ. ಅಗಲದ ತಗಡಿನ ಡಬ್ಬದ ಎರಡೂ ಬಾಯಿ ತೆಗೆಸಿ. ಮೇಲೆ ಹಲಗೆ ಇಟ್ಟು ಬಡಿದು ಅರ್ಧದಷ್ಟು, ಅಂದರೆ ಆರೇಳು ಸೆಂ.ಮೀ., ನೆಲಕ್ಕೆ ಇಳಿಸಿ. ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ 450 ಮಿ.ಲೀ. ನೀರು ಹೊಯ್ದು ಹಾಳೆಯನ್ನು ಮೆಲ್ಲಗೆ ಎಳೆದುಕೊಳ್ಳಿ. ಹಾಳೆ ಇಲ್ಲದೆ ಸುರಿದರೆ ಮೇಲ್ಮಣ್ಣು ಕದಡಿ ರಂಧ್ರ ಮುಚ್ಚಿಕೊಂಡು ಲೆಕ್ಕ ತಪ್ಪುತ್ತದೆ. ಇದು ಒಂದು ಇಂಚು ಮಳೆಗೆ ಸಮ. ಮೊದಲ ಸಲದ ಹೊತ್ತು ಬರೆದುಕೊಳ್ಳಬೇಡಿ, ಒಣ ನೆಲ ಹೇಗೂ ಹೀರುತ್ತದೆ. ಅದೇ ಜಾಗಕ್ಕೆ ಮತ್ತೆ 450 ಮಿ.ಲೀ. ಹೊಯ್ದು ಆಗ ಗಡಿಯಾರ ನೋಡಿ. ಒಳ್ಳೆಯ ಕೆಂಪು ಮಣ್ಣಿನಲ್ಲಿ ಕೆಲವೇ ನಿಮಿಷ. ಎರೆ ಮಣ್ಣಿನಲ್ಲಿ ಗಂಟೆ ಹಿಡಿದರೂ ಅದು ಎರೆಯ ಗುಣ, ತೋಟದವರ ತಪ್ಪಲ್ಲ. ಪಕ್ಕದ ಹೊಲದೊಂದಿಗೆ ಹೋಲಿಸಿ ಅಂದದ್ದು ಇದಕ್ಕೇ.

ಎರಡನೆಯದು ಹೆಂಟೆ ಪರೀಕ್ಷೆ. ಹೆಬ್ಬೆರಳಿನ ಗಾತ್ರದ, ಪೂರ್ತಿ ಒಣಗಿದ ಹೆಂಟೆಯನ್ನು ಟೀ ಸೋಸುವ ಜಾಲರಿಯಲ್ಲಿಟ್ಟು ನೀರಿನ ಲೋಟಕ್ಕೆ ಇಳಿಸಿ. ಸಾವಯವ ಅಂಶ ಇರುವ ಹೆಂಟೆ ಗುಳ್ಳೆ ಬಿಡುತ್ತದೆಯೇ ಹೊರತು ಐದು ಹತ್ತು ನಿಮಿಷವಾದರೂ ಆಕಾರ ಬಿಡುವುದಿಲ್ಲ. ಬರೀ ಉಳುಮೆ ಮಾಡಿಸಿಕೊಂಡ ನೆಲದ ಹೆಂಟೆ ನಿಮಿಷದೊಳಗೆ ಕುಸಿದು ಲೋಟದ ತಳದಲ್ಲಿ ಕೆಸರಾಗುತ್ತದೆ. ಮಳೆ ಬಂದಾಗ ಹೊಲದ ಮೇಲೆ ಕಟ್ಟುವ ಹಕ್ಕಳೆ ಇದೇ ಕೆಸರು. ಹಸಿ ಹೆಂಟೆಯಲ್ಲಿ ಈ ಪರೀಕ್ಷೆ ಮಾಡಿದರೆ ಎಲ್ಲವೂ ಒಳ್ಳೆಯ ಮಣ್ಣಾಗಿಯೇ ಕಾಣುತ್ತದೆ.

ಮೂರನೆಯದು ಸಲಾಕೆ. ನೆಲ ಹದವಾಗಿದ್ದಾಗ ಬೆರಳು ದಪ್ಪದ ಕಬ್ಬಿಣದ ಸಲಾಕೆಯನ್ನು ಕೈಯಲ್ಲೇ ಒತ್ತಿ. 15–20 ಸೆಂ.ಮೀ.ಗೆ ತಟ್ಟನೆ ನಿಂತರೆ ವರ್ಷ ವರ್ಷ ಒಂದೇ ಆಳಕ್ಕೆ ಟ್ರ್ಯಾಕ್ಟರ್ ಹೊಡೆದು ಅಡಿಯಲ್ಲಿ ಗಟ್ಟಿ ಪದರ ಕಟ್ಟಿದೆ ಎಂದರ್ಥ.

ನಾಲ್ಕನೆಯದು ಬೇರು. ಬೆಳೆಯನ್ನಲ್ಲ, ಕಳೆ ಗಿಡವನ್ನು ಮಣ್ಣು ಸಮೇತ ಅಗೆದು ತೆಗೆಯಿರಿ. ತಾಯಿಬೇರು ನೇರ ಇಳಿದಿರಬೇಕು. ಅಡ್ಡಕ್ಕೆ ಡೊಂಕಾಗಿದ್ದರೆ ಸಲಾಕೆ ಹೇಳಿದ್ದನ್ನೇ ಅದೂ ಹೇಳುತ್ತಿದೆ. ಅಲಸಂದೆ, ಹುರುಳಿ, ತೊಗರಿಯ ಬೇರಿನಲ್ಲಿ ಗಂಟು ಕಂಡರೆ ಉಗುರಿನಿಂದ ಕೆರೆದು ನೋಡಿ. ಸುಲಭವಾಗಿ ಕಳಚಿ ಬಂದು, ಸೀಳಿದಾಗ ಒಳಗೆ ಗುಲಾಬಿ ಬಣ್ಣವಿದ್ದರೆ ಅದು ಗಾಳಿಯ ಸಾರಜನಕ ಹಿಡಿಯುತ್ತಿರುವ ಗಂಟು. ಬೆಳ್ಳಗೋ ಹಸಿರೋ ಇದ್ದರೆ ಕೆಲಸ ಮಾಡುತ್ತಿಲ್ಲ. ಗಂಟು ಕಳಚದೆ ಬೇರೇ ಊದಿಕೊಂಡಂತಿದ್ದರೆ ಅದು ಬೇರಿನ ಜಂತುಹುಳುವಿನ (ನೆಮಟೋಡ್) ಕಾಟ. ಅಂಥ ತೋಟದಿಂದ ಸಸಿ, ಮಣ್ಣು, ಗೊಬ್ಬರ ಏನನ್ನೂ ತರಬೇಡಿ.

ಕಣ್ಣಿಗೆ ಚೆಂದ ಕಾಣುವುದರ ಹಿಂದೆ ಲೆಕ್ಕವಿರುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಟೊಮ್ಯಾಟೊ ಹೊಲದ ನಡುವೆ ಚೆಂಡುಹೂ ನೋಡಿ ಬಂದವರು ಊರಿಗೆ ಹೋಗಿ ಬದುವಿನ ಸುತ್ತ ಚೆಂಡುಹೂ ನೆಡುತ್ತಾರೆ, ಕಾಯಿಕೊರಕ ಕಡಿಮೆಯಾಗಲಿಲ್ಲ ಎಂದು ಬೈಯುತ್ತಾರೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೇಳಿದ ಕ್ರಮ ಬೇರೆ. 16 ಸಾಲು ಟೊಮ್ಯಾಟೊಗೆ ಒಂದು ಸಾಲು ಎತ್ತರದ ಚೆಂಡುಹೂ, ಅದೂ 45 ದಿನದ ಚೆಂಡುಹೂ ಸಸಿಯನ್ನು 25 ದಿನದ ಟೊಮ್ಯಾಟೊ ಸಸಿಯ ಜತೆ ನೆಡಬೇಕು. ಆಗ ಎರಡೂ ಒಟ್ಟಿಗೆ ಹೂವಿಗೆ ಬಂದು ಪತಂಗ ಚೆಂಡುಹೂವನ್ನು ಆರಿಸಿ ಮೊಟ್ಟೆ ಇಡುತ್ತದೆ. ಒಂದೇ ವಯಸ್ಸಿನ ಸಸಿ ನೆಟ್ಟರೆ ಟೊಮ್ಯಾಟೊ ಮೊದಲು ಹೂ ಬಿಟ್ಟು ಆಟ ಮುಗಿದಿರುತ್ತದೆ. ತೋಟದಲ್ಲಿ ಗಿಡದ ಹೆಸರಿನ ಜತೆ ಎಷ್ಟನೇ ದಿನ ನೆಟ್ಟದ್ದು ಎಂಬುದನ್ನೂ ಕೇಳಿ ಬರೆದುಕೊಳ್ಳಿ.

ಪ್ರಶ್ನೆ: ತೋಟದವರನ್ನು ‘ಲಾಭ ಎಷ್ಟು’ ಎಂದು ಕೇಳಿದರೆ ನಕ್ಕು ಸುಮ್ಮನಾಗುತ್ತಾರೆ. ಮತ್ತೇನು ಕೇಳಬೇಕು?
— ಓದುಗರು, ಹಾವೇರಿ

ಉತ್ತರ: ಗೇಟಿನೊಳಗೆ ಏನೇನು ಬರುತ್ತದೆ ಅಂತ ಕೇಳಿ. ಸಗಣಿ ಗೊಬ್ಬರ ಎಷ್ಟು ಲೋಡು, ಬೇವಿನ ಹಿಂಡಿ ಎಷ್ಟು ಚೀಲ, ಕಬ್ಬಿನ ರವದಿ, ಭತ್ತದ ಹುಲ್ಲು, ಆಳು, ಕರೆಂಟು, ಟ್ಯಾಂಕರ್ ನೀರು.

ಕೈಲೆಕ್ಕ ಹೀಗೆ. ನಾಟಿ ಹಸು ದಿನಕ್ಕೆ ಸುಮಾರು 10 ಕೆ.ಜಿ. ಸಗಣಿ ಹಾಕುತ್ತದೆ, ವರ್ಷಕ್ಕೆ ಮೂರೂವರೆ ಟನ್. ಕಸಕಡ್ಡಿ ಸೇರಿಸಿ ಕೊಳೆಸಿದ ಮೇಲೆ ಕೈಗೆ ಸಿಗುವ ಕೊಟ್ಟಿಗೆ ಗೊಬ್ಬರ ಹೆಚ್ಚೆಂದರೆ ಎರಡರಿಂದ ಎರಡೂವರೆ ಟನ್. ಮಳೆಯಾಶ್ರಿತ ರಾಗಿಗೆ ಎಕರೆಗೆ ಮೂರು ಟನ್ ಬೇಕು. ತರಕಾರಿಗೆ ಹತ್ತು ಟನ್. ಅಂದರೆ ಒಂದೆಕರೆ ತರಕಾರಿಯ ಹಿಂದೆ ನಾಲ್ಕೈದು ರಾಸು ನಿಂತಿರಬೇಕು. ನಾಲ್ಕು ಎಕರೆ ತರಕಾರಿ ನಳನಳಿಸುತ್ತಿದ್ದು ಕೊಟ್ಟಿಗೆಯಲ್ಲಿ ಎರಡೇ ಹಸು ಇದ್ದರೆ ಗೊಬ್ಬರ ಹೊರಗಿಂದ ಬಂದಿದೆ. ಅದು ಮೋಸವಲ್ಲ. ಆದರೆ ನಿಮ್ಮೂರಲ್ಲಿ ಆ ಲೋಡು ಸಿಗುತ್ತದೆಯೇ, ಏನು ಬೆಲೆಗೆ, ಕೊಡುವವರು ಸಗಣಿಗೆ ಏನು ಬೆರೆಸುತ್ತಾರೆ ಎಂಬುದು ತಿಳಿಯದೆ ಆ ತೋಟವನ್ನು ನಕಲು ಮಾಡಲಾಗದು.

ಎರಡನೇ ಪ್ರಶ್ನೆ: ‘ಯಾವ ಬೆಳೆ ಕೈಬಿಟ್ಟಿರಿ, ಯಾಕೆ?’ ಲಾಭದ ಮಾತಿಗೆ ಬಾಯಿ ಮುಚ್ಚುವವರೂ ಇದಕ್ಕೆ ಅರ್ಧ ಗಂಟೆ ಮಾತಾಡುತ್ತಾರೆ.

ಪ್ರಶ್ನೆ: ಒಂದು ತೋಟದಲ್ಲಿ ಜೀವಾಮೃತ ಮಾಡುವುದನ್ನು ನೋಡಿ ಬಂದು ನಾನೂ ಮಾಡಿದೆ. ಮೂರನೇ ದಿನಕ್ಕೆ ಬಿಳಿ ಹುಳು, ಹತ್ತನೇ ದಿನಕ್ಕೆ ತಡೆಯಲಾರದ ನಾತ. ಹೊಲಕ್ಕೆ ಹಾಕಿದರೂ ರಾಗಿ ಹಳದಿಯಾಗಿಯೇ ಇದೆ.
— ರೈತರು, ಮಾಗಡಿ

ಉತ್ತರ: ನೈಸರ್ಗಿಕ ಕೃಷಿಯ ಪ್ರಚಾರಕ ಸುಭಾಷ್ ಪಾಳೇಕರ್ ಹೇಳಿಕೊಟ್ಟ ಪ್ರಮಾಣ ಎಕರೆಗೆ ಇಷ್ಟು: 200 ಲೀಟರ್ ನೀರು, 10 ಕೆ.ಜಿ. ನಾಟಿ ಹಸುವಿನ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆ.ಜಿ. ಬೆಲ್ಲ, 2 ಕೆ.ಜಿ. ದ್ವಿದಳ ಧಾನ್ಯದ ಹಿಟ್ಟು, ರಾಸಾಯನಿಕ ಸೋಕದ ಬದುವಿನ ಮಣ್ಣು ಒಂದು ಹಿಡಿ. ನೆರಳಲ್ಲಿಟ್ಟು ದಿನಕ್ಕೆ ಎರಡು ಮೂರು ಸಲ ಕೋಲಿನಿಂದ ತಿರುಗಿಸಿ 48 ಗಂಟೆ ಬಿಡಬೇಕು. ವಾರದೊಳಗೆ ಬಳಸಿ ಮುಗಿಸಬೇಕು.

ಹುಳು ಬಂದದ್ದು ನೊಣ ಮೊಟ್ಟೆ ಇಟ್ಟದ್ದರಿಂದ. ಡ್ರಮ್ಮಿನ ಬಾಯಿಗೆ ಗೋಣಿಚೀಲ ಕಟ್ಟಿ. ಗಟ್ಟಿ ಮುಚ್ಚಳ ಹಾಕಬೇಡಿ, ಗಾಳಿ ಹೊರಗೆ ಹೋಗಬೇಕು. ನೊರೆ ಉಕ್ಕುವುದರಿಂದ ಡ್ರಮ್ ಕಂಠಮಟ್ಟ ತುಂಬಿಸಲೂಬಾರದು. ಎರಡನೇ ದಿನ ಹುದುಗು ಬಂದ ಹುಳಿ ವಾಸನೆ ಇದ್ದರೆ ಸರಿ. ಹತ್ತನೇ ದಿನಕ್ಕೆ ಕೊಳೆತ ನಾತ ಬಂದರೆ ತಿರುಗಿಸುವುದು ನಿಂತು ಗಾಳಿಯಿಲ್ಲದೆ ಕೆಟ್ಟಿದೆ. ಅದನ್ನು ಕಾಂಪೋಸ್ಟ್ ಗುಂಡಿಗೆ ಸುರಿಯಿರಿ. ನಲ್ಲಿ ನೀರಾದರೆ ಒಂದು ರಾತ್ರಿ ತೆರೆದಿಟ್ಟು ಬಳಸಿ. ಡ್ರಿಪ್‌ಗೆ ಬಿಡುವುದಾದರೆ ಎರಡು ಸಲ ಬಟ್ಟೆಯಲ್ಲಿ ಸೋಸದಿದ್ದರೆ ತೂತುಗಳೆಲ್ಲ ಕಟ್ಟಿಕೊಳ್ಳುತ್ತವೆ.

ಇನ್ನು ರಾಗಿ ಹಳದಿಯಾದ ಮಾತು. ಆ ಡ್ರಮ್ಮಿಗೆ ಬಿದ್ದ ಸಗಣಿ, ಗಂಜಲ, ಹಿಟ್ಟು ಎಲ್ಲದರ ಸಾರಜನಕ ಕೂಡಿಸಿದರೆ ಕಾಲು ಕೆ.ಜಿ. ದಾಟುವುದು ಕಷ್ಟ. ಮಳೆಯಾಶ್ರಿತ ರಾಗಿಗೆ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಎಕರೆಗೆ 20 ಕೆ.ಜಿ. ಸಾರಜನಕ. ಜೀವಾಮೃತ ಹೆಪ್ಪು ಇದ್ದಂತೆ. ಹೆಪ್ಪು ಹಾಕಲು ಪಾತ್ರೆಯಲ್ಲಿ ಹಾಲಿರಬೇಕು. ನೀವು ನೋಡಿದ ತೋಟದಲ್ಲಿ ಆ ಹಾಲು ಏನಾಗಿತ್ತು? ಮುಚ್ಚಿಗೆಯೇ, ವರ್ಷ ವರ್ಷ ಹಾಕಿದ ಕೊಟ್ಟಿಗೆ ಗೊಬ್ಬರವೇ, ಸಾಲಿನ ನಡುವಿನ ಅವರೆ–ತೊಗರಿಯೇ? ಅದನ್ನು ನೋಡದೆ ಡ್ರಮ್ಮಿನ ಫೋಟೊ ತೆಗೆದುಕೊಂಡು ಬಂದವರು ಬಹಳ. ಮುಂದಿನ ಮುಂಗಾರಿಗೆ ಮುಂಚೆ ಎಕರೆಗೆ 20–25 ಕೆ.ಜಿ. ಅಪ್ಸೆಣಬು ಚೆಲ್ಲಿ, ಹೂ ಕಾಣುವ ಹೊತ್ತಿಗೆ, ಅಂದರೆ ಸುಮಾರು 45 ದಿನಕ್ಕೆ, ಮಣ್ಣಿಗೆ ಸೇರಿಸಿ. ತಡವಾದರೆ ಕಾಂಡ ನಾರಾಗಿ ಬೇಗ ಕೊಳೆಯುವುದಿಲ್ಲ. ಆಮೇಲೆ ಜೀವಾಮೃತ ಕೊಡಿ. ಅದೂ ಮೊದಲು ಒಂದು ಗುಂಟೆಗೆ 5 ಲೀಟರ್ ಲೆಕ್ಕದಲ್ಲಿ, ಪಕ್ಕದ ಗುಂಟೆಗೆ ಹಾಕದೆ ಬಿಟ್ಟು, ವ್ಯತ್ಯಾಸ ನೋಡಿಕೊಂಡು.

ಪ್ರಶ್ನೆ: ಸಾವಯವ ತೋಟವೊಂದರಿಂದ ಬದನೆ, ಟೊಮ್ಯಾಟೊ ಸಸಿ ತಂದು ಹಿತ್ತಲಲ್ಲಿ ನೆಟ್ಟೆ. ಹೂ ಬಿಡುವಾಗ ಗಿಡ ಹಸಿರಾಗಿದ್ದಂತೆಯೇ ಮಧ್ಯಾಹ್ನ ಜೋಲುತ್ತದೆ, ನಾಲ್ಕು ದಿನಕ್ಕೆ ಸಾಯುತ್ತದೆ. ನೀರು ಸಾಕಷ್ಟಿದೆ.
— ಗೃಹಿಣಿ, ಪುತ್ತೂರು

ಉತ್ತರ: ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗದ ಲಕ್ಷಣ. ಖಾತ್ರಿ ಮಾಡಿಕೊಳ್ಳಲು ಸಾಯುತ್ತಿರುವ ಗಿಡದ ಬುಡದ ಹತ್ತಿರ ನಾಲ್ಕು ಬೆರಳುದ್ದ ಕಾಂಡ ಕತ್ತರಿಸಿ, ತಿಳಿನೀರಿನ ಗಾಜಿನ ಲೋಟದಲ್ಲಿ ತುದಿ ಮಾತ್ರ ಮುಳುಗುವಂತೆ ಅಲುಗಾಡಿಸದೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಕತ್ತರಿಸಿದ ಬಾಯಿಂದ ಹಾಲಿನಂಥ ಬಿಳಿ ಎಳೆ ನೀರಲ್ಲಿ ಇಳಿದರೆ ಅದೇ. ಬಿಳಿ ಎಳೆ ಇಲ್ಲದೆ, ಕೆಳಗಿನ ಎಲೆ ಮೊದಲು ಹಳದಿಯಾಗಿ ಗಿಡ ನಿಧಾನವಾಗಿ ಬಾಡಿದ್ದರೆ ಶಿಲೀಂಧ್ರದ ಸೊರಗು.

ದುಂಡಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಸತ್ತ ಗಿಡವನ್ನು ಬೇರಿನ ಮಣ್ಣು ಸಮೇತ ಕಿತ್ತು ಸುಟ್ಟುಹಾಕಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಆ ಮಡಿಯ ನೀರು ಬೇರೆ ಮಡಿಗೆ ಹರಿಯಬಾರದು. ಅಲ್ಲಿ ಎರಡು ಮೂರು ವರ್ಷ ಟೊಮ್ಯಾಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ, ಶುಂಠಿ ಬೇಡ. ಮುಸುಕಿನ ಜೋಳ ಹಾಕಿ. ಟೊಮ್ಯಾಟೊ ಬೇಕೇ ಬೇಕೆಂದರೆ ಹೆಸರಘಟ್ಟದ ಅರ್ಕಾ ರಕ್ಷಕ್ ತಳಿ ಈ ರೋಗವನ್ನು ತಡೆದುಕೊಳ್ಳುತ್ತದೆ. ಆದರೆ ಅದು ಹೈಬ್ರಿಡ್, ಬೀಜ ಉಳಿಸಲು ಬರುವುದಿಲ್ಲ.

ಸಾವಯವ ತೋಟ ಅಂದಮಾತ್ರಕ್ಕೆ ರೋಗವಿಲ್ಲದ ತೋಟ ಅಂತಲ್ಲ. ಭೇಟಿಗೆ ಒಂದು ಜೊತೆ ಬೇರೆ ಚಪ್ಪಲಿ ಇಟ್ಟುಕೊಳ್ಳಿ. ಹೊರಡುವ ಮುಂಚೆ ಅಟ್ಟೆಯ ಮಣ್ಣನ್ನು ಕಡ್ಡಿಯಿಂದ ಕೆರೆದು ಅಲ್ಲೇ ತೊಳೆಯಿರಿ. ಮಣ್ಣು ಅಂಟಿದ್ದಂತೆಯೇ ಬ್ಲೀಚಿಂಗ್ ನೀರಲ್ಲಿ ಅದ್ದಿದರೆ ಉಪಯೋಗವಿಲ್ಲ. ಸಸಿ, ಶುಂಠಿ ಗೆಡ್ಡೆ, ಬಾಳೆ ಕಂದು ತರಲೇಬೇಕಾದರೆ ತಾಯಿ ಗಿಡದ ಸಾಲನ್ನು ಕೊನೆಯವರೆಗೂ ನಡೆದು ನೋಡಿ ತನ್ನಿ.

ಪ್ರಶ್ನೆ: ಸಿರಸಿ ಕಡೆಯ ಸಾವಯವ ಅಡಿಕೆ ತೋಟ ನೋಡಿದೆವು. ಅಲ್ಲೂ ಕೊಳೆರೋಗಕ್ಕೆ ಬೋರ್ಡೋ ಹೊಡೆಯುತ್ತಾರೆ! ಇದು ಸಾವಯವ ಹೇಗಾಯಿತು? ಮತ್ತೆ, ಅವರಂತೆ ಸೊಪ್ಪು–ದರಕು ಹಾಕಿ ನಮ್ಮಲ್ಲಿ ತೋಟ ಮಾಡಬಹುದೇ?
— ಅಡಿಕೆ ಬೆಳೆಗಾರರು, ಚನ್ನಗಿರಿ

ಉತ್ತರ: ಬೋರ್ಡೋ ಎಂದರೆ ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ, ಮೈಲುತುತ್ತದಲ್ಲಿರುವುದು ತಾಮ್ರ. ಸಾವಯವ ನಿಯಮಗಳು ತಾಮ್ರವನ್ನು ಮಿತಿಯೊಳಗೆ ಒಪ್ಪುತ್ತವೆ. ಪ್ರಮಾಣಪತ್ರ ಪಡೆದವರು ಎಷ್ಟು ಹೊಡೆದೆವೆಂದು ದಾಖಲಿಸಬೇಕು. ಮಿತಿ ಯಾಕೆಂದರೆ ತಾಮ್ರ ಕರಗಿ ಹೋಗುವ ವಸ್ತುವಲ್ಲ. ಮಣ್ಣಿನಲ್ಲಿ ಕೂಡುತ್ತಾ ಹೋಗಿ ಎರೆಹುಳಕ್ಕೆ ಕುತ್ತಾಗುತ್ತದೆ. 100 ಲೀಟರ್ ದ್ರಾವಣದಲ್ಲಿ ಕಾಲು ಕೆ.ಜಿ. ತಾಮ್ರವಿರುತ್ತದೆ.

ಶೇ 1ರ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತವನ್ನು 50 ಲೀಟರ್ ನೀರಲ್ಲಿ, 1 ಕೆ.ಜಿ. ಸುಟ್ಟ ಸುಣ್ಣವನ್ನು ಇನ್ನೊಂದು 50 ಲೀಟರ್‌ನಲ್ಲಿ ಕರಗಿಸಿ. ಪಾತ್ರೆ ಪ್ಲಾಸ್ಟಿಕ್ಕಿನದಿರಲಿ, ಕಬ್ಬಿಣ ಬೇಡ. ತುತ್ತದ ನೀರನ್ನು ಸುಣ್ಣದ ನೀರಿಗೆ ಕದಡುತ್ತಾ ಹೊಯ್ಯಬೇಕು. ಉಲ್ಟಾ ಮಾಡಿದರೆ ಕಣ ದಪ್ಪವಾಗಿ ತಳ ಸೇರುತ್ತದೆ, ಗೊನೆಗೆ ಅಂಟುವುದಿಲ್ಲ. ಬೆಳ್ಳಗೆ ಉಜ್ಜಿದ ಕತ್ತಿಯನ್ನು ಅದರಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಬಿಡಿ ತಾಮ್ರ ಉಳಿದಿದೆ, ಹಾಗೇ ಹೊಡೆದರೆ ಎಳೆಗಾಯಿ ಸುಡುತ್ತದೆ. ಲೇಪ ನಿಲ್ಲುವವರೆಗೆ ಸುಣ್ಣದ ತಿಳಿ ಸೇರಿಸಿ. ಹಳೆಯ, ಗಾಳಿಗೆ ಸತ್ತ ಸುಣ್ಣ ಬಳಸಿದಾಗ ಹೀಗಾಗುವುದು ಹೆಚ್ಚು. ಕಲಸಿದ ದಿನವೇ ಬಳಸಿ. ಮಳೆ ಹಿಡಿಯುವ ಮುನ್ನ ಒಂದು ಸಲ, 40–45 ದಿನಕ್ಕೆ ಇನ್ನೊಂದು ಸಲ.

ಎರಡನೇ ಪ್ರಶ್ನೆಗೆ ಉತ್ತರ ಬೆಟ್ಟದಲ್ಲಿದೆ. ಉತ್ತರ ಕನ್ನಡದಲ್ಲಿ ಬ್ರಿಟಿಷರ ಕಾಲದಿಂದಲೂ ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟ ಪದ್ಧತಿಯಿದೆ. ತೋಟಕ್ಕೆ ಬೀಳುವ ಸೊಪ್ಪು, ದರಕು (ಒಣ ಎಲೆ), ಕರಡ (ಒಣ ಹುಲ್ಲು) ಬರುವುದು ಅಲ್ಲಿಂದ. ನಿಮ್ಮಲ್ಲಿ ಬೆಟ್ಟವಿಲ್ಲ. ಬೇಲಿಗುಂಟ ಗೊಬ್ಬರದ ಗಿಡ (ಗ್ಲಿರಿಸಿಡಿಯಾ) ಒತ್ತಾಗಿ ನೆಟ್ಟು ವರ್ಷಕ್ಕೆ ಎರಡು ಮೂರು ಸಲ ಸವರಿ ಹಾಕಿ. ಅಡಿಕೆಯ ಸೋಗೆ, ಸಿಪ್ಪೆ ತೋಟದಿಂದ ಹೊರಹೋಗಲು ಬಿಡಬೇಡಿ. ಬಿದ್ದ ಸೋಗೆಯನ್ನು ಬೆಂಕಿಗೆ ಹಾಕುವುದು ಕಣ್ಣೆದುರೇ ಗೊಬ್ಬರ ಸುಟ್ಟಂತೆ.

ಪ್ರಶ್ನೆ: ಬೀಜ ಮೇಳದಲ್ಲಿ ಸಿಕ್ಕ ಸೋರೆ ಬೀಜ ಹಾಕಿದೆ. ಕಾಯಿ ಚೆನ್ನಾಗಿದೆ, ಆದರೆ ಕಹಿ. ಬೇಯಿಸಿದರೆ ಹೋಗುತ್ತದೆಯೇ?
— ಓದುಗರು, ಮಂಡ್ಯ

ಉತ್ತರ: ಹೋಗುವುದಿಲ್ಲ, ತಿನ್ನಲೂಬೇಡಿ. ಕಹಿ ಸೋರೆ ವಾಂತಿ–ಭೇದಿಯಿಂದ ಆಸ್ಪತ್ರೆ ಸೇರಿಸುವಷ್ಟು ವಿಷ. ಅದರ ರಸವಂತೂ ಇನ್ನೂ ಅಪಾಯ. ಗಿಡ ಕಿತ್ತುಹಾಕಿ, ಬೀಜ ಉಳಿಸಬೇಡಿ. ಬೀಜ ಕೊಟ್ಟವರ ಹೊಲದ ಹತ್ತಿರ ಕಾಡು ಸೋರೆ ಇದ್ದು ದುಂಬಿ ಪರಾಗ ತಂದಿರಬಹುದು. ಆ ವರ್ಷದ ಕಾಯಿ ಸಿಹಿಯಾಗಿಯೇ ಇರುತ್ತದೆ, ಅದರ ಬೀಜದಿಂದ ಬೆಳೆದ ಬಳ್ಳಿ ಕಹಿಯಾಗುತ್ತದೆ. ಹಾಗಾಗಿ ಸೋರೆ, ಹೀರೆ, ಕುಂಬಳದ ಬೀಜ ಪಡೆಯುವಾಗ ಪರಾಗಸ್ಪರ್ಶ ಕೈಯಿಂದ ಮಾಡಿದ್ದೇ ಎಂದು ಕೇಳಿ: ಸೋರೆಗೆ ಸಂಜೆ ಅರಳುವ ಹೂ, ಕುಂಬಳಕ್ಕೆ ಬೆಳಗಿನದು. ಭತ್ತ, ಟೊಮ್ಯಾಟೊ, ಅವರೆಯಲ್ಲಿ ಈ ಗೊಂದಲ ಕಡಿಮೆ. ತಳಿ ಶುದ್ಧವಾಗಿಡುವುದು ಹೇಗೆಂದು ನೋಡಬೇಕಿದ್ದರೆ ನಿಮ್ಮ ಜಿಲ್ಲೆಯಲ್ಲೇ, ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ನೂರಾರು ಭತ್ತದ ತಳಿಗಳನ್ನು ಪುಟ್ಟ ಪುಟ್ಟ ತಾಕುಗಳಲ್ಲಿ ಉಳಿಸಿದ್ದಾರೆ. ತೆನೆ ಕಟ್ಟುವ ಕಾಲಕ್ಕೆ ಹೋಗಿ. ಬಣ್ಣ, ಎತ್ತರ, ಮೀಸೆಯ ವ್ಯತ್ಯಾಸ ಆಗಲೇ ಕಾಣುವುದು.

ಪ್ರಶ್ನೆ: ತಾರಸಿ ತೋಟ ನೋಡಿ ಬಂದೆ. ಅವರಂತೆ ಇಡೀ ಮಾಳಿಗೆಗೆ ಒಂದಡಿ ಮಣ್ಣು ಹಾಕಿ ಮಡಿ ಮಾಡಬಹುದೇ?
— ನಿವೃತ್ತ ನೌಕರರು, ಮೈಸೂರು

ಉತ್ತರ: ಎಂಜಿನಿಯರ್ ನೋಡದೆ ಬೇಡ. ಒಂದಡಿ ಹಸಿ ಮಣ್ಣು ಚದರ ಮೀಟರಿಗೆ 500 ಕೆ.ಜಿ. ಮೀರುತ್ತದೆ. ಜನ ಓಡಾಡುವ ಮಾಳಿಗೆಗೆ ನಮ್ಮ ಕಟ್ಟಡ ಸಂಹಿತೆ ಲೆಕ್ಕ ಹಿಡಿಯುವುದು ಚದರ ಮೀಟರಿಗೆ 150 ಕೆ.ಜಿ. ಹನ್ನೆರಡು ಇಂಚಿನ ಗ್ರೋಬ್ಯಾಗ್ ಒಂದಕ್ಕೆ 20 ಲೀಟರ್ ಮಿಶ್ರಣ ಹಿಡಿಯುತ್ತದೆ, ನೀರು ಕುಡಿದಾಗ 25 ಕೆ.ಜಿ. ಭಾರ ಹೊರುವ ಗೋಡೆ, ತೊಲೆಗಳ ಗುಂಟ ಚದರ ಮೀಟರಿಗೆ ನಾಲ್ಕರಂತೆ ಇಟ್ಟು ನಡುಭಾಗ ಖಾಲಿ ಬಿಡಿ.

ಮಿಶ್ರಣ ಮಣ್ಣು, ತೆಂಗಿನ ನಾರಿನ ಪುಡಿ, ಗೊಬ್ಬರ ಸಮಸಮ. ನಾರಿನ ಪುಡಿಯಲ್ಲಿ ಉಪ್ಪಿರುತ್ತದೆ, ಮೂರು ನೀರು ತೊಳೆದು ಬಳಸಿ. ತೊಳೆಯದಿದ್ದರೆ ಎಲೆಯ ಅಂಚು ಸುಟ್ಟಂತಾಗುತ್ತದೆ. ಚೀಲಗಳನ್ನು ಇಟ್ಟಿಗೆಯ ಮೇಲಿಡಿ. ನೆಲಕ್ಕೆ ತಾಗಿದರೆ ತೂತು ಮುಚ್ಚಿ ನೀರು ನಿಲ್ಲುತ್ತದೆ, ಬೇರು ಮಾಳಿಗೆಯ ಬಿರುಕು ಹುಡುಕುತ್ತದೆ. ಸೊಪ್ಪಿಗೆ ಆರಿಂಚಿನ ಟ್ರೇ ಸಾಕು.

ಪ್ರಶ್ನೆ: ‘ಸರ್ಟಿಫೈಡ್’ ಎಂಬ ಬೋರ್ಡ್ ನಂಬಬಹುದೇ?
— ಓದುಗರು, ಹುಬ್ಬಳ್ಳಿ

ಉತ್ತರ: ಬೋರ್ಡ್ ಅಲ್ಲ, ಕಾಗದ ನೋಡಿ: ಯಾವ ಸರ್ವೆ ನಂಬರ್, ಎಷ್ಟು ಎಕರೆ, ಯಾವ ತಾರೀಖಿನವರೆಗೆ. ರಫ್ತಿಗೆ ಬೇಕಾದ ಎನ್‌ಪಿಒಪಿ (ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ) ಪದ್ಧತಿಯಲ್ಲಿ ವಾರ್ಷಿಕ ಬೆಳೆಗೆ ಬಿತ್ತನೆಗೆ ಮುಂಚೆ ಎರಡು ವರ್ಷ, ಬಹುವಾರ್ಷಿಕಕ್ಕೆ ಮೊದಲ ಕೊಯ್ಲಿಗೆ ಮುಂಚೆ ಮೂರು ವರ್ಷ ಪರಿವರ್ತನೆಯ ಕಾಲ. ಪಿಜಿಎಸ್‌ನಲ್ಲಿ (ರೈತರೇ ಪರಸ್ಪರ ಖಾತರಿ ಕೊಡುವ ಪದ್ಧತಿ) ಗುಂಪಿನೊಳಗೇ ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸುತ್ತಾರೆ. ಅಲ್ಲಿ ‘ಗ್ರೀನ್’ ಎಂದಿದ್ದರೆ ಇನ್ನೂ ಪರಿವರ್ತನೆಯಲ್ಲಿದೆ. ಕಾಗದವಿಲ್ಲದ ಒಳ್ಳೆಯ ತೋಟಗಳೂ ಬೇಕಾದಷ್ಟಿವೆ. ಪಕ್ಕದ ಹೊಲದವರು ಔಷಧಿ ಹೊಡೆದಾಗ ತಡೆಯಲು ಬದುವಿನ ಮೇಲೆ ಏನು ಬೆಳೆಸಿದ್ದಾರೆ ನೋಡಿ.

ಪ್ರಶ್ನೆ: ಏಳನೇ ತರಗತಿಯ 40 ಮಕ್ಕಳನ್ನು ತೋಟಕ್ಕೆ ಕರೆದೊಯ್ಯಬೇಕು. ಸಲಹೆ?
— ಶಿಕ್ಷಕಿ, ಗದಗ

ಉತ್ತರ: ಎಂಟು ಮಕ್ಕಳ ಐದು ಗುಂಪು ಮಾಡಿ, ಒಂದೊಂದಕ್ಕೆ ಒಂದೊಂದು ಕೆಲಸ ಕೊಡಿ: ಡಬ್ಬದ ನೀರು, ಹೆಂಟೆ, ಬೇರು, ಹುಳು ಎಣಿಕೆ, ಗೇಟಿನ ಲೆಕ್ಕ. ಎಲ್ಲರೂ ಒಟ್ಟಿಗೆ ನಿಂತು ಭಾಷಣ ಕೇಳಿದರೆ ಹಿಂದಿನ ಸಾಲಿನವರು ಮಡಿ ತುಳಿಯುತ್ತಾರೆ. ಹತ್ತು ಗಂಟೆಯೊಳಗೆ ಮುಗಿಸಿ. ಪೂರ್ತಿ ಕಾಲು ಮುಚ್ಚುವ ಶೂ, ಟೊಪ್ಪಿ, ಕುಡಿಯುವ ನೀರು ಕಡ್ಡಾಯ. ಸಗಣಿ, ಜೀವಾಮೃತ ಮುಟ್ಟಿದ ಕೈಯನ್ನು ಬುತ್ತಿ ಬಿಚ್ಚುವ ಮುಂಚೆ ಸೋಪಿನಿಂದ ತೊಳೆಸಿ. ಗೊಬ್ಬರದ ಗುಂಡಿಯ, ಕೃಷಿ ಹೊಂಡದ ದಂಡೆಯಲ್ಲಿ ಒಬ್ಬೊಬ್ಬ ದೊಡ್ಡವರನ್ನು ನಿಲ್ಲಿಸಿ.